ಎಸ್.ಯು.ವಿ. ವಾಹನದ ಉಗಮವೂ ಕೊಳ್ಳುವವನ ವಿವೇಚನೆಯೂ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಎಸ್.ಯು.ವಿ. ಅಥವಾ ಕ್ರಾಸ್‌ಓವರ್ ಎಂಬ ವಾಹನವನ್ನು ಕೊಳ್ಳಹೊರಟವನ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ: ಇವೆರಡರಲ್ಲಿ ಯಾವುದು? ಹೊಸತೋ, ಬಳಸಿದ್ದೋ? ಇವು ಕೇವಲ ವ್ಯಾಪಾರದ ಪ್ರಶ್ನೆಗಳೆಂದು ತೋರಬಹುದು. ಆದರೆ ಈ ವಾಹನವರ್ಗದ ಚರಿತ್ರೆಯನ್ನು ಪರಿಶೀಲಿಸಿದರೆ, ಉತ್ತರದ ಬಹುಭಾಗ ಕಾರ್ಖಾನೆಯಲ್ಲಿ ಮಾತ್ರವಲ್ಲದೆ ಶಾಸನಸಭೆಯಲ್ಲಿಯೂ ರೂಪುಗೊಂಡಿತೆಂಬುದು ವಿದಿತವಾಗುತ್ತದೆ. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಈ ವರ್ಗದ ಮೂಲ ಎರಡನೆಯ ಮಹಾಯುದ್ಧದ ಜೀಪು ಎಂಬುದು ಸಾಮಾನ್ಯವಾದ ಅಭಿಪ್ರಾಯ. ವಂಶಾವಳಿಯ ದೃಷ್ಟಿಯಿಂದ ಇದು ಸರಿಯೇ. ವಿಲ್ಲಿಸ್-ಓವರ್‌ಲ್ಯಾಂಡ್ ಸಂಸ್ಥೆಯು 1945ರಲ್ಲಿ ಜೀಪನ್ನು ನಾಗರಿಕರಿಗೆ ಮಾರತೊಡಗಿತು. ಬ್ರೂಕ್ಸ್ ಸ್ಟೀವನ್ಸ್ ರೂಪಿಸಿದ ಉಕ್ಕಿನ ಮೈಯ ಸ್ಟೇಷನ್ ವ್ಯಾಗನ್ 1946ರಲ್ಲಿ ಬಂದಿತು. 1949ರಲ್ಲಿ ಅದು ನಾಲ್ಕು ಚಕ್ರಗಳ ಚಾಲನೆಯೊಡನೆಯೂ ದೊರೆಯತೊಡಗಿತು. 1963ರ ಮಾದರಿಯಾದ ಜೀಪ್ ವ್ಯಾಗನಿಯರ್, ಇದಕ್ಕೆ ಸಂಸಾರಸ್ಥರ ಕಾರಿನ ಸೌಕರ್ಯಗಳನ್ನು ಕೂಡಿಸಿತು. ಆದರೂ ಮುಂದೆ ಬಹುಕಾಲ ಇದು ಕೆಲವರ ವಾಹನವಾಗಿಯೇ ಉಳಿಯಿತು. 1990ರ ನಂತರದ ಅದರ ಪ್ರಾಬಲ್ಯವನ್ನು ವಂಶಾವಳಿಯೊಂದರಿಂದಲೇ ವಿವರಿಸಲಾಗದು.

1973ರ ತೈಲ ನಿರ್ಬಂಧದ ತರುವಾಯ, 1975ರ ಡಿಸೆಂಬರಿನಲ್ಲಿ, ಅಮೆರಿಕದ ಕಾಂಗ್ರೆಸ್ಸು ವಾಹನಗಳ ಇಂಧನ ಮಿತವ್ಯಯದ ಶಾಸನವನ್ನು ಮಾಡಿತು. ತಯಾರಕನೊಬ್ಬನ ಪ್ರಯಾಣಿಕ ಕಾರುಗಳು 1985ರ ವೇಳೆಗೆ ಸರಾಸರಿ ಗ್ಯಾಲನ್ನಿಗೆ 27.5 ಮೈಲಿ, ಎಂದರೆ ಲೀಟರಿಗೆ ಸುಮಾರು 11.7 ಕಿಲೋಮೀಟರು, ಓಡಬೇಕೆಂದು ವಿಧಿಸಲಾಯಿತು. ಹಗುರ ಟ್ರಕ್ಕುಗಳಿಗೆ ಪ್ರತ್ಯೇಕವಾದ, ಸಡಿಲವಾದ ಮಾನವಿತ್ತು. 1996ರಿಂದ 2004ರವರೆಗಿನ ಮಾದರಿಗಳಿಗೆ ಅದು 20.7 ಮೈಲಿಯಷ್ಟೆ. ದುರ್ಗಮ ದಾರಿಯಲ್ಲಿ ಓಡಬಲ್ಲ ಎತ್ತರದ ವಾಹನವೂ ಟ್ರಕ್ಕೆಂದೇ ಎಣಿಸಲ್ಪಟ್ಟಿತು. ಹೀಗಾಗಿ ದೊಡ್ಡ ಸ್ಟೇಷನ್ ವ್ಯಾಗನ್ನು ಕಾರಿನ ಕಟ್ಟುಪಾಡಿಗೆ ಒಳಪಟ್ಟರೆ, ಅದೇ ಸಂಸಾರವನ್ನು ಹೊರುವ ಎಸ್.ಯು.ವಿ. ಟ್ರಕ್ಕಿನ ರಿಯಾಯಿತಿಯನ್ನು ಪಡೆಯಿತು. ರೇಂಜರ್ ಪಿಕಪ್ಪಿನ ಚೌಕಟ್ಟನ್ನು ಆಧರಿಸಿ 1990ರಲ್ಲಿ ಬಂದ ಫೋರ್ಡ್ ಎಕ್ಸ್‌ಪ್ಲೋರರ್ ಇದರ ಮುಖ್ಯ ನಿದರ್ಶನ. ಶಾಸನವೊಂದೇ ಕಾರಣವೆನ್ನಲಾಗದು, ಆ ದಶಕದಲ್ಲಿ ಪೆಟ್ರೋಲು ಅಗ್ಗವಾಗಿದ್ದುದೂ ಇದಕ್ಕೆ ಪೋಷಕವಾಯಿತು.

ಈ ರಿಯಾಯಿತಿಗೆ ತೆತ್ತ ಬೆಲೆಯನ್ನೂ ಗಮನಿಸಬೇಕು. ಅಕ್ಕಪಕ್ಕದ ಚಕ್ರಗಳ ನಡುವಣ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ದೊರೆಯುವ ಸಂಖ್ಯೆ ಕಡಿಮೆಯಾದಷ್ಟೂ ವಾಹನ ಮಗುಚುವ ಸಂಭವ ಹೆಚ್ಚು. ಎತ್ತರದ ಚೌಕಟ್ಟು ಈ ಸಂಖ್ಯೆಯನ್ನು ತಗ್ಗಿಸುತ್ತದೆ. ಎಕ್ಸ್‌ಪ್ಲೋರರ್ ವಾಹನಗಳಿಗೆ ಹೆಚ್ಚಾಗಿ ಹಾಕಲಾಗಿದ್ದ ಫೈರ್‌ಸ್ಟೋನ್ ಟೈರುಗಳ ಪದರ ಕಳಚಿ ಸಂಭವಿಸಿದ ಅಪಘಾತಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದರು. 2000ದ ಆಗಸ್ಟಿನಲ್ಲಿ ಲಕ್ಷಗಟ್ಟಲೆ ಟೈರುಗಳನ್ನು ಹಿಂದಕ್ಕೆ ಪಡೆಯಲಾಯಿತು. ದೋಷ ಟೈರಿನದೋ ವಾಹನದ್ದೋ ಎಂದು ಎರಡು ಸಂಸ್ಥೆಗಳೂ ವಾದಿಸಿದವು. 2001ರ ಮಾದರಿಗಳಿಂದ ಸರಕಾರವು ಮಗುಚುವ ಸಂಭವದ ಅಂಕಗಳನ್ನು ಪ್ರಕಟಿಸತೊಡಗಿತು. ಜಾರುವ ವಾಹನವನ್ನು ಒಂದೊಂದು ಚಕ್ರಕ್ಕೂ ಬೇರೆ ಬೇರೆಯಾಗಿ ಬ್ರೇಕು ಹಾಕಿ ದಾರಿಗೆ ತರುವ ಸ್ಥಿರತಾ ನಿಯಂತ್ರಣವನ್ನು 2007ರ ನಿಯಮ ವಿಧಿಸಿತು. 2012ರ ಮಾದರಿಯ ವೇಳೆಗೆ ಅದು ಎಲ್ಲ ಹೊಸ ಕಾರು ಮತ್ತು ಹಗುರ ಟ್ರಕ್ಕುಗಳಿಗೂ ಕಡ್ಡಾಯವಾಯಿತು.

ಈ ನಡುವೆ ಬೇರೊಂದು ಪರಂಪರೆ ಬೆಳೆದಿತ್ತು. 1984ರ ಜೀಪ್ ಚೆರೋಕಿ ಪ್ರತ್ಯೇಕ ಚೌಕಟ್ಟನ್ನು ಬಿಟ್ಟು, ಮೈಯೂ ಚೌಕಟ್ಟೂ ಒಂದೇ ಆದ ರಚನೆಯನ್ನು ಸ್ವೀಕರಿಸಿತು. ಜಪಾನಿನಲ್ಲಿ 1994ರ ಟೊಯೋಟ ರಾವ್‌4, 1995ರ ಹೋಂಡ ಸಿ.ಆರ್.-ವಿ. ಕಾರಿನ ತಳಹದಿಯ ಮೇಲೆಯೇ ನಿರ್ಮಿತವಾದವು. ಕ್ರಾಸ್‌ಓವರಿನ ಮೊದಲ ಮಾದರಿಗಳಲ್ಲಿ ಇವು ಪ್ರಮುಖವಾದವು. ಹಗುರವಾದ ಈ ರಚನೆ ಇಂಧನವನ್ನು ಉಳಿಸುತ್ತದೆ. ಭಾರವಾದುದನ್ನು ಎಳೆಯುವ ಕೆಲಸಕ್ಕೆ ಮಾತ್ರ ಪ್ರತ್ಯೇಕ ಚೌಕಟ್ಟೇ ಮೇಲು.

ಹೊಸತು-ಹಳತುಗಳ ಪ್ರಶ್ನೆ ವಾಸ್ತವವಾಗಿ ಜ್ಞಾನದ ಪ್ರಶ್ನೆ. ಒಕ್ಲಹೋಮದ ಸೆನೆಟರ್ ಮೊನ್ರೋನಿಯವರ ಪ್ರಯತ್ನದಿಂದ ಆದ 1958ರ ಶಾಸನ, ಹೊಸ ಕಾರಿನ ಗಾಜಿನ ಮೇಲೆ ತಯಾರಕನು ಸೂಚಿಸಿದ ಬೆಲೆಯನ್ನು ಅಂಟಿಸಬೇಕೆಂದಿತು. ಹಳೆಯ ಕಾರಿಗೆ ಅಂಥ ರಕ್ಷಣೆಯಿರಲಿಲ್ಲ. ಮಾರುವವನಿಗೆ ತಿಳಿದ ದೋಷ ಕೊಳ್ಳುವವನಿಗೆ ತಿಳಿಯದಿರುವಲ್ಲಿ, ಕೆಟ್ಟ ವಾಹನಗಳು ಒಳ್ಳೆಯವನ್ನು ಮಾರುಕಟ್ಟೆಯಿಂದ ಹೊರದೂಡುತ್ತವೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರತಿಪಾದಿಸಿದರು. 1972ರ ಶಾಸನ ಮೈಲಿ ಅಳೆಯುವ ಮಾಪಕವನ್ನು ತಿದ್ದುವುದನ್ನು ನಿಷೇಧಿಸಿತು. ಹಳೆಯ ವಾಹನಕ್ಕೆ ಹೊಣೆಯುಂಟೋ ಇಲ್ಲವೋ ಎಂಬುದನ್ನು ವ್ಯಾಪಾರಿ ಗಾಜಿನ ಮೇಲೆ ಬರೆದಿಡಬೇಕೆಂಬ ನಿಯಮ 1985ರಲ್ಲಿ ಜಾರಿಗೆ ಬಂದಿತು. ಇವು ಅಜ್ಞಾನವನ್ನು ಕಡಿಮೆ ಮಾಡಿದವೇ ಹೊರತು ನಿರ್ಮೂಲ ಮಾಡಲಿಲ್ಲ.

ಇದರಿಂದ ಫಲಿಸುವುದಿಷ್ಟು. ಭಾರ ಎಳೆಯುವ ಅಗತ್ಯವಿಲ್ಲದವನಿಗೆ ಕ್ರಾಸ್‌ಓವರೇ ಸಾಕು. ಹೊಸತನ್ನು ಕೊಳ್ಳುವವನು ಹೆಚ್ಚಿನ ಹಣ ತೆತ್ತು ನಿಶ್ಚಯವನ್ನು ಪಡೆಯುತ್ತಾನೆ. ಹಳೆಯದನ್ನು ಕೊಳ್ಳುವವನು ಉಳಿಸಿದ ಹಣದಲ್ಲಿ ಅಲ್ಪಾಂಶವನ್ನು, ಮಾರುವವನಿಗೆ ಸಂಬಂಧಪಡದ ಮೆಕ್ಯಾನಿಕ್ಕಿನಿಂದ ಪರೀಕ್ಷೆ ಮಾಡಿಸಲು ವಿನಿಯೋಗಿಸಬೇಕು. ವಾಹನ 2012ಕ್ಕಿಂತ ಹಿಂದಿನ ಮಾದರಿಯಾದರೆ ಸ್ಥಿರತಾ ನಿಯಂತ್ರಣವಿದೆಯೇ ಎಂದು ಮೊದಲು ವಿಚಾರಿಸಬೇಕು. ತಯಾರಾದ ವರ್ಷವು ಇಲ್ಲಿ ಬೆಲೆಯನ್ನಷ್ಟೇ ಅಲ್ಲ, ಆ ವಾಹನಕ್ಕೆ ಯಾವ ಕಾನೂನಿನ ರಕ್ಷಣೆ ದೊರೆತಿತ್ತೆಂಬುದನ್ನೂ ಹೇಳುತ್ತದೆ.