ಹಿಮಕ್ಕೆ ಹರವಿದ ಆಲೂಗಡ್ಡೆ

ಹಸಿ ಆಲೂಗಡ್ಡೆಯ ತೂಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು. ಹೀಗಾಗಿ ಅದು ರಾಗಿ, ಜೋಳದಂತೆ ಕಣಜದಲ್ಲಿ ವರ್ಷಗಟ್ಟಲೆ ಉಳಿಯುವುದಿಲ್ಲ. ಸುಕ್ಕುತ್ತದೆ, ಮೊಳಕೆಯೊಡೆಯುತ್ತದೆ, ಕಡೆಗೆ ಕೊಳೆಯುತ್ತದೆ. ಈ ನೀರನ್ನು ಹೊರಹಾಕುವ ಉಪಾಯವನ್ನು ಮೊದಲು ಕಂಡುಕೊಂಡವರು, ಆಲೂಗಡ್ಡೆಯನ್ನು ಮೊದಲು ಬೆಳೆಸಿದ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಜನ. ಅವರು ಮಾಡಿದ ಒಣ ಗಡ್ಡೆಯ ಹೆಸರು ಚುನ್ಯೊ. ಪೆರು ಮತ್ತು ಬೊಲಿವಿಯದ ಮನೆಗಳಲ್ಲಿ ಅದು ಇಂದಿಗೂ ದಿನಬಳಕೆಯ ಆಹಾರ.

ಟಿಟಿಕಾಕ ಸರೋವರದ ಸುತ್ತಲ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿದೆ. ಜೂನ್, ಜುಲೈ ಅಲ್ಲಿ ಚಳಿಗಾಲ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಕೊರೆಯುವ ಚಳಿ, ಹಗಲು ಮೋಡವಿಲ್ಲದ ಚುರುಕು ಬಿಸಿಲು. ಚುನ್ಯೊ ಮಾಡುವವರು ಸಣ್ಣ ಗಡ್ಡೆಗಳನ್ನು ಆರಿಸಿ, ಸಮತಟ್ಟಾದ ಬಯಲಿನಲ್ಲಿ ಒಂದರ ಮೇಲೊಂದು ಬೀಳದಂತೆ ಹರವುತ್ತಾರೆ. ರಾತ್ರಿಯ ಹಿಮಕ್ಕೆ ಗಡ್ಡೆ ಕಲ್ಲಾಗುತ್ತದೆ. ಒಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಜೀವಕೋಶಗಳ ಗೋಡೆಯನ್ನು ಒಡೆಯುತ್ತದೆ. ಬಿಸಿಲೇರಿದಂತೆ ಕರಗಿದ ಗಡ್ಡೆ, ಹಿಂಡಿದರೆ ನೀರು ಸುರಿಯುವ ಸ್ಪಂಜಿನಂತೆ ಮೆತ್ತಗಾಗುತ್ತದೆ. ಕೆಲವು ರಾತ್ರಿಗಳು ಹೀಗೆ ಕಳೆದ ಮೇಲೆ ಸಣ್ಣ ಸಣ್ಣ ಗುಡ್ಡೆ ಮಾಡಿ ಬರಿಗಾಲಲ್ಲಿ ತುಳಿಯುತ್ತಾರೆ. ತುಳಿಯುವುದಕ್ಕೂ ಹದವಿದೆ: ನೀರು ಹೊರಬರಬೇಕು, ಸಿಪ್ಪೆ ಸುಲಿಯಬೇಕು, ಗಡ್ಡೆ ಮಾತ್ರ ಅಪ್ಪಚ್ಚಿಯಾಗಬಾರದು. ಆಮೇಲೆ ಬಿಸಿಲಲ್ಲಿ ಒಣಗಿಸಿದರೆ ಬೆಣಚುಕಲ್ಲಿನಂತೆ ಭಾರವಲ್ಲದಿದ್ದರೂ ಅಷ್ಟೇ ಗಟ್ಟಿಯಾದ ಕಪ್ಪು ಚುನ್ಯೊ ಸಿದ್ಧ. ಐದು ಕಿಲೋ ಹಸಿ ಗಡ್ಡೆಗೆ ಸಿಗುವುದು ಹೆಚ್ಚುಕಡಿಮೆ ಒಂದು ಕಿಲೋ.

ಬಿಳಿ ಚುನ್ಯೊಗೆ ಶ್ರಮ ಇನ್ನೂ ಹೆಚ್ಚು. ಇದನ್ನು ಐಮಾರಾ ಭಾಷಿಕರು ತುಂತ ಎಂದೂ ಕೆಚುವಾ ಭಾಷಿಕರು ಮೊರಾಯ ಎಂದೂ ಕರೆಯುತ್ತಾರೆ. ಹೆಪ್ಪುಗಟ್ಟಿದ ಗಡ್ಡೆಗಳನ್ನು ಹರಿಯುವ ತೊರೆಯಲ್ಲಿ ವಾರಗಟ್ಟಲೆ ನೆನೆಹಾಕಿ, ಆಮೇಲೆ ತುಳಿದು ಒಣಗಿಸುತ್ತಾರೆ. ಬಣ್ಣ ಬಿಳುಪಾಗುವುದಕ್ಕಿಂತ ದೊಡ್ಡ ಲಾಭ ಬೇರೆಯಿದೆ. ಅಷ್ಟು ಎತ್ತರದಲ್ಲಿ ಹಿಮ ತಡೆದು ಬೆಳೆಯುವ ತಳಿಗಳಲ್ಲಿ ಹಲವು ಕಹಿ. ಆ ಕಹಿಗೆ ಕಾರಣವಾದ ಗ್ಲೈಕೋ ಆಲ್ಕಲಾಯ್ಡ್‌ಗಳು ಹೆಚ್ಚಾದರೆ ಅದು ವಿಷವೇ. ಹರಿವ ನೀರು ಅದನ್ನು ತೊಳೆದೊಯ್ಯುತ್ತದೆ. ಬೇಯಿಸಿ ತಿನ್ನಲಾಗದ ಗಡ್ಡೆಯನ್ನು ಅನ್ನವಾಗಿಸಿದ ಈ ಜಾಣ್ಮೆ ಆಹಾರದ ಚರಿತ್ರೆಯಲ್ಲೇ ಅಪರೂಪದ್ದು.

ಇಂಕಾ ಸಾಮ್ರಾಜ್ಯಕ್ಕೆ ಚುನ್ಯೊ ದಾಸ್ತಾನಿನ ಆಹಾರವಾಗಿತ್ತು. ನಮ್ಮ ಬಯಲುಸೀಮೆಯ ಹಗೇವು ನೆಲದೊಳಗೆ ತೋಡಿದ್ದಾದರೆ, ಇಂಕಾಗಳ ಉಗ್ರಾಣಗಳಾದ ಕೊಲ್ಕಾಗಳು ಗುಡ್ಡದ ಇಳಿಜಾರಿನಲ್ಲಿ, ತಂಗಾಳಿಯಾಡುವಂತೆ ಸಾಲಾಗಿ ಕಟ್ಟಿದ ಕಲ್ಲಿನ ಕೋಣೆಗಳು. ಬೆಳೆ ಕೈಕೊಟ್ಟಾಗ, ಸೈನ್ಯ ಹೊರಟಾಗ ಅಲ್ಲಿಂದ ಆಹಾರ ಹೊರಬರುತ್ತಿತ್ತು. ಸ್ಪೇನಿನವರು ಬಂದ ಮೇಲೆ ಇದೇ ಗಡ್ಡೆ ವ್ಯಾಪಾರದ ಸರಕಾಯಿತು. 1545ರಲ್ಲಿ ಇಂದಿನ ಬೊಲಿವಿಯದ ಪೊಟೊಸಿಯಲ್ಲಿ ಬೆಳ್ಳಿ ಗಣಿಗಾರಿಕೆ ಶುರುವಾಯಿತು. 4,000 ಮೀಟರಿಗೂ ಎತ್ತರದ ಆ ಊರಿಗೆ ದವಸವನ್ನೆಲ್ಲ ಹೊರಗಿನಿಂದ ಹೊತ್ತು ತರಬೇಕಿತ್ತು. ಹೊರುವ ಲಾಮಾ ಪ್ರಾಣಿಯ ಬೆನ್ನಿಗೆ ಮೂವತ್ತು ಕಿಲೋ ಹತ್ತಿದರೆ ಹೆಚ್ಚು. ಐದನೇ ಒಂದು ತೂಕಕ್ಕೆ ಇಳಿದ ಚುನ್ಯೊಗೆ ಅಲ್ಲಿ ಬೆಲೆ ಬಂದದ್ದು ಸಹಜ. ಗಣಿಗಳಿಗೆ ಚುನ್ಯೊ ಸಾಗಿಸಿಯೇ ಎಷ್ಟೋ ಸ್ಪೇನಿಯರು ಸಿರಿವಂತರಾಗಿ ತಾಯ್ನಾಡಿಗೆ ಮರಳಿದರೆಂದು ಪೆದ್ರೊ ಸಿಯೆಸಾ ದೆ ಲಿಯೋನ್ 1553ರಲ್ಲಿ ಅಚ್ಚಾದ ತನ್ನ ಪೆರು ವೃತ್ತಾಂತದಲ್ಲಿ ದಾಖಲಿಸಿದ್ದಾನೆ. ಅದನ್ನು ತುಳಿದು ಮಾಡಿದವರ ಪಾಲಿಗೆ ಉಳಿದದ್ದು ಗಣಿಯ ಬಲವಂತದ ದುಡಿಮೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಪೆರುವಿನಲ್ಲಿ ಹಿಮ ಬೇಡದ ಇನ್ನೊಂದು ವಿಧಾನವೂ ಇದೆ. ಗಡ್ಡೆಯನ್ನು ಬೇಯಿಸಿ, ಸುಲಿದು, ಹೆಚ್ಚಿ ಬಿಸಿಲಲ್ಲಿ ಒಣಗಿಸಿದರೆ ಅದು ಪಾಪಾ ಸೆಕಾ. ಬೇಸಿಗೆಯಲ್ಲಿ ಆಲೂಗಡ್ಡೆ ಬಿಲ್ಲೆಗಳನ್ನು ಉಪ್ಪುನೀರಲ್ಲಿ ಅರೆಬೇಯಿಸಿ ಮಾಳಿಗೆಯ ಮೇಲೆ ಬಟ್ಟೆ ಹಾಸಿ ಒಣಹಾಕುವ ಕನ್ನಡದ ಮನೆಗಳಿಗೆ ಈ ಕ್ರಮ ಹೊಸದೆನಿಸದು. ನಮ್ಮಲ್ಲಿ ಅದನ್ನು ಎಣ್ಣೆಯಲ್ಲಿ ಕರಿಯುತ್ತಾರೆ, ಅಲ್ಲಿ ನೆನೆಸಿ ಮಾಂಸದೊಡನೆ ಬೇಯಿಸುತ್ತಾರೆ.

ಕಾರ್ಖಾನೆಗಳು ಆಲೂಗಡ್ಡೆಯನ್ನು ದೊಡ್ಡ ಪ್ರಮಾಣದಲ್ಲಿ ಒಣಗಿಸತೊಡಗಿದ್ದಕ್ಕೆ ಎರಡನೇ ಮಹಾಯುದ್ಧ ಮುಖ್ಯ ಪ್ರೇರಣೆ. ಅಮೆರಿಕದ ಐಡಹೊ ಪ್ರಾಂತ್ಯದ ಸಿಂಪ್ಲಾಟ್ ಕಂಪನಿ ಸೈನಿಕರಿಗೆ ಒಣ ಆಲೂಗಡ್ಡೆ ಪೂರೈಸಿ ಬೆಳೆಯಿತು. 1950ರ ದಶಕದಲ್ಲಿ ಅಮೆರಿಕ ಸರ್ಕಾರದ ಕೃಷಿ ಇಲಾಖೆಯ ಫಿಲಡೆಲ್ಫಿಯ ಪ್ರಯೋಗಾಲಯ ಆಲೂ ಫ್ಲೇಕ್ಸ್ ತಯಾರಿಸುವ ವಿಧಾನ ರೂಪಿಸಿತು. ಬೆಂದ ಗಡ್ಡೆಯನ್ನು ಹಿಸುಕಿ, ಹಬೆಯಿಂದ ಕಾದ ಉರುಳೆಯ ಮೇಲೆ ತೆಳ್ಳಗೆ ಬಳಿದರೆ ಕೆಲವೇ ಕ್ಷಣಗಳಲ್ಲಿ ಒಣಗಿ ಹಾಳೆಯಾಗುತ್ತದೆ, ಅದನ್ನು ಕೆರೆದು ಪುಡಿ ಮಾಡುತ್ತಾರೆ. ಇಲ್ಲಿ ಎಚ್ಚರ ಚುನ್ಯೊಗೆ ತದ್ವಿರುದ್ಧ. ಜೀವಕೋಶ ಒಡೆದು ಪಿಷ್ಟ ಹೊರಬಂದರೆ ಹಿಟ್ಟು ಗೋಂದಿನಂತೆ ಅಂಟಾಗುತ್ತದೆ. ಅದಕ್ಕಾಗಿ ಬಿಲ್ಲೆಗಳನ್ನು ಮೊದಲು ಕುದಿಯದ ಬಿಸಿನೀರಲ್ಲಿಟ್ಟು, ತಣ್ಣೀರಲ್ಲಿ ಆರಿಸಿ, ಆಮೇಲಷ್ಟೇ ಹಬೆಯಲ್ಲಿ ಬೇಯಿಸುತ್ತಾರೆ. ಆಗ ಪಿಷ್ಟ ಕೋಶದೊಳಗೇ ಗಟ್ಟಿಯಾಗಿ ನಿಲ್ಲುತ್ತದೆ, ಬಿಸಿನೀರು ಬೆರೆಸಿದೊಡನೆ ಪುಡಿ ಮತ್ತೆ ಉದುರುದುರಾದ ಆಲೂಗಡ್ಡೆಯಾಗುತ್ತದೆ.