ಪಟ್ಟಣದ ಫಿರಂಗಿ ಯಂತ್ರ, ನಿಮ್ಮ ಸಿಎನ್‌ಸಿ ವೈಸ್
ಪಾಂಡವಪುರದವರೇ, ನಿಮ್ಮೂರಿಗೆ ಫ್ರೆಂಚ್ ರಾಕ್ಸ್ ಅಂತ ಹೆಸರು ಬಂದಿದ್ದು ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೈನಿಕರಿಂದ. ಸೈನಿಕರಷ್ಟೇ ಅಲ್ಲ, ಕಸುಬುದಾರರೂ ಬಂದ್ರು. 1788ರಲ್ಲಿ ಫ್ರಾನ್ಸ್‌ಗೆ ಹೋದ ಟಿಪ್ಪುವಿನ ರಾಯಭಾರಿಗಳು ಅಲ್ಲಿಂದ ಕೆಲವರನ್ನ ಕರ್ಕೊಂಡು ಬಂದಿದ್ರು.

1800ರಲ್ಲಿ ಶ್ರೀರಂಗಪಟ್ಟಣ ನೋಡಿದ ಫ್ರಾನ್ಸಿಸ್ ಬುಕಾನನ್ ಬರೀತಾನೆ: ಫ್ರೆಂಚರು ನೀರಿನಿಂದ ತಿರುಗೋ ಫಿರಂಗಿ ಕೊರೆಯುವ ಯಂತ್ರ ಮಾಡಿಕೊಟ್ಟಿದ್ರು, ಸುಲ್ತಾನ ನೀರಿನ ಚಕ್ರ ತೆಗೆಸಿ ಎತ್ತು ಕಟ್ಟಿಸಿದ. ಅದರ ಬೆಲೆ ಅವನಿಗೆ ತಿಳೀಲಿಲ್ಲ ಅಂತ ಗೊಣಗೋದೂ ಉಂಟು. (ಬುಕಾನನ್ ಕಂಪನಿಯ ಆಳು, ಅದೂ ನೆನಪಿರಲಿ.)

ನನ್ನ ಲೆಕ್ಕ ಬೇರೆ. ಎಳೆಯೋದು ನೀರಾಗಲಿ ಎತ್ತಾಗಲಿ, ಹಿಡಿತ ಸಡಿಲ ಇದ್ರೆ ತೂತು ಸೊಟ್ಟ.

ಕೆ.ಆರ್.ಪೇಟೆ, ನಾಗಮಂಗಲದಿಂದ ವೈಸ್ ಬಗ್ಗೆ ಕೇಳಿದ್ರಲ್ಲ, ವಿಷಯ ಅದೇ. 3018 ಮೆಷಿನ್ ಮೇಲೆ-ಕೆಳಗೆ ಓಡೋದು ಸುಮಾರು 45 ಮಿ.ಮೀ. ಎತ್ತರದ ಡ್ರಿಲ್ ವೈಸ್ ಇಟ್ರೆ ಜಾಗವೇ ಉಳಿಯಲ್ಲ. ಅಗ್ಗದ್ದಾದ್ರೆ ಬಿಗಿಸುವಾಗ ದವಡೆ ಎದ್ದು ಜಾಬನ್ನೂ ಎತ್ತುತ್ತೆ. ಎರಡು ದವಡೆ ಬೇರೆಬೇರೆ ಇದ್ದು, ನೇರ ಟಿ-ಸ್ಲಾಟ್‌ಗೆ ಬೋಲ್ಟ್ ಆಗೋ ತಗ್ಗು ವೈಸ್ ಸಾಕು. ದುಡ್ಡು ಕೊಡೋ ಮುಂಚೆ ನಿಮ್ಮ ಸ್ಲಾಟ್‌ಗಳ ಅಂತರ ಅಳೀರಿ. ದವಡೆ ಕೈಯಲ್ಲಿ ಅಲ್ಲಾಡಿಸಿ ನೋಡಿ, ಆಡಿದ್ರೆ ವಾಪಸ್ ಕೊಡಿ.