ಲೇಬಲ್ಲಿನಲ್ಲಿ ದ್ರಾಕ್ಷಿ ಯಾಕಿಲ್ಲ?

ಫ್ರೆಂಚ್ ವೈನ್ ಬಗ್ಗೆ ಕಲಿಯಲು ಹೊರಟಾಗ ನಾನು ಎಡವಿದ್ದು ಲೇಬಲ್ಲಿನಲ್ಲೇ. ಹೆಚ್ಚಿನದರಲ್ಲಿ ದ್ರಾಕ್ಷಿಯ ಹೆಸರಿರಲ್ಲ, ಊರಿನ ಹೆಸರಿರುತ್ತೆ. ಶಾಬ್ಲಿ ಅಂದರೆ ಶಾರ್ಡನೇ ದ್ರಾಕ್ಷಿಯದು ಅಂತ ನಾವೇ ತಿಳಿದಿರಬೇಕು. ಜಂಬ ಅಂದುಕೊಂಡಿದ್ದೆ. ಅಲ್ಲ, ಇದರ ಹಿಂದೆ ರೈತರ ಸಿಟ್ಟಿದೆ.

ಶಾಂಪೇನ್ ಸೀಮೆಯ ಕೆಲ ವ್ಯಾಪಾರಿಗಳು ಹೊರಗಿನ ಅಗ್ಗದ ದ್ರಾಕ್ಷಿ ತರಿಸಿ, ವೈನ್ ಮಾಡಿ, ಶಾಂಪೇನ್ ಹೆಸರಲ್ಲೇ ಮಾರುತ್ತಿದ್ದರು. 1911ರಲ್ಲಿ ಬೆಳೆಗಾರರು ದಂಗೆ ಎದ್ದರು, ಸರ್ಕಾರ ಸೈನ್ಯ ಕಳಿಸಿತು. ಕೊನೆಗೆ 1935ರಲ್ಲಿ ಎಒಸಿ ಕಾನೂನು ಬಂತು: ಯಾವ ಸೀಮೆ, ಯಾವ ತಳಿ, ಹೆಕ್ಟೇರಿಗೆ ಎಷ್ಟು ಇಳುವರಿ, ಎಲ್ಲಕ್ಕೂ ಕಟ್ಟಳೆ. ನಮ್ಮ ನಂಜನಗೂಡು ರಸಬಾಳೆಯ ಜಿಐ ಟ್ಯಾಗ್ ಇದರದೇ ನೆಂಟ.

ಒಂದು ಮಾತು: ಎಒಸಿ ಮೂಲಕ್ಕೆ ಗ್ಯಾರಂಟಿ, ರುಚಿಗಲ್ಲ. ಹೊಸಬರಿಗೆ ನಾನು ಹೇಳೋದು ಬೊಜೊಲೆ. ಗಮೇ ದ್ರಾಕ್ಷಿಯ ಹಗುರ ಕೆಂಪು ವೈನ್, ತುಸು ತಣ್ಣಗಿದ್ದರೆ ಚೆನ್ನ.